ಫ್ರಕ್ಟೋಸ್: ಹೊಟ್ಟೆ ಉಬ್ಬರದ ಲೆಕ್ಕ ಬೇರೆ, ತೂಕದ ಲೆಕ್ಕ ಬೇರೆ

ಹಣ್ಣು, ಜೇನುತುಪ್ಪಗಳ ಸಿಹಿಯಲ್ಲಿ ದೊಡ್ಡ ಪಾಲು ಫ್ರಕ್ಟೋಸ್ ಎಂಬ ಸಕ್ಕರೆಯದು. ಬಿಳಿ ಸಕ್ಕರೆಯಲ್ಲೂ ಅರ್ಧ ಅದೇ. ಸಣ್ಣ ಕರುಳು ಹೀರಿಕೊಳ್ಳದೆ ಬಿಟ್ಟ ಫ್ರಕ್ಟೋಸ್ ಹೊಟ್ಟೆ ಕೆಡಿಸುತ್ತದೆ. ಹೀರಿಕೊಂಡದ್ದು ಅಗತ್ಯ ಮೀರಿದರೆ ತೂಕ ಏರಿಸುತ್ತದೆ. ಇವೆರಡನ್ನೂ ಬೆರೆಸಿಕೊಂಡವರು ಬಿಡಬಾರದ ಹಣ್ಣನ್ನು ಬಿಟ್ಟು, ಬಿಡಬೇಕಾದ ಪಾನೀಯವನ್ನು ಕುಡಿಯುತ್ತಲೇ ಇರುತ್ತಾರೆ.

ಮೊದಲು ಹೊಟ್ಟೆಯ ವಿಚಾರ. ಫ್ರಕ್ಟೋಸ್ ಹೀರುವ ಶಕ್ತಿ ಎಲ್ಲರಲ್ಲೂ ಸೀಮಿತ; ಒಂದೇ ಸಲ 50 ಗ್ರಾಂ ಕೊಟ್ಟರೆ ಆರೋಗ್ಯವಂತರಲ್ಲೂ ಹಲವರಿಗೆ ಅಷ್ಟೂ ಹೀರಿಕೊಳ್ಳಲಾಗದು. ಉಳಿದದ್ದು ಕರುಳಿಗೆ ನೀರೆಳೆಯುತ್ತದೆ, ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾಗಳಿಂದ ಹುದುಗಿ ಗ್ಯಾಸ್ ಆಗುತ್ತದೆ. ಉಬ್ಬರ, ಗುಡುಗುಡು ಸದ್ದು, ಭೇದಿ ಬರುವುದು ಹೀಗೆ. ಜೊತೆಗೆ ಗ್ಲೂಕೋಸ್ ಇದ್ದರೆ ಹೀರುವಿಕೆ ಸುಲಭವಾಗುತ್ತದೆ. ಹಾಗಾಗಿ ಎರಡೂ ಹೆಚ್ಚುಕಡಿಮೆ ಸಮನಾಗಿರುವ ಬಾಳೆಹಣ್ಣು, ಕಿತ್ತಳೆ ಒಗ್ಗುವವರಿಗೂ ಫ್ರಕ್ಟೋಸ್ ಮಿಗಿಲಾಗಿರುವ ಸೇಬು, ಪೇರ್, ಮಾವು, ಕಲ್ಲಂಗಡಿ, ಜೇನು ಒಗ್ಗದಿರಬಹುದು. ಸೇಬು ಮತ್ತು ಪೇರ್‌ನಲ್ಲಿ ಸಾರ್ಬಿಟಾಲ್ ಎಂಬ, ಕರುಳು ಪೂರ್ತಿ ಹೀರಿಕೊಳ್ಳದ ಇನ್ನೊಂದು ಸಿಹಿ ಪದಾರ್ಥ ಕೂಡ ಇರುವುದರಿಂದ ಕಾಟ ಇನ್ನೂ ಹೆಚ್ಚು.

ಪರೀಕ್ಷಿಸುವುದು ಹೀಗೆ. ಒಂದು ವಾರ ತಿಂದದ್ದು, ಪ್ರಮಾಣ, ಹೊತ್ತು, ತೊಂದರೆ ಎಲ್ಲವನ್ನೂ ಬರೆದಿಡಿ. ಮುಂದಿನ 2–3 ವಾರ ಮೇಲಿನ ಐದನ್ನೂ ಹಣ್ಣಿನ ರಸವನ್ನೂ ಬಿಡಿ. ಹೊಟ್ಟೆ ಹಗುರವಾದರೆ ಮೊದಲ ದಿನ ಅರ್ಧ ಟೀ ಚಮಚ ಜೇನು, ಮರುದಿನ ಒಂದು, ಮೂರನೆಯ ದಿನ ಎರಡು ಚಮಚ ತಿಂದು ನೋಡಿ. ಒಂದು ಚಮಚ, ಅಂದರೆ 7 ಗ್ರಾಂ ಜೇನಿನಲ್ಲಿ ಸುಮಾರು 2.7 ಗ್ರಾಂ ಫ್ರಕ್ಟೋಸ್. ತೊಂದರೆ ಕಂಡ ಕೂಡಲೇ ನಿಲ್ಲಿಸಿ; ಅದಕ್ಕೂ ಹಿಂದಿನ ಪ್ರಮಾಣವೇ ನಿಮ್ಮ ಮಿತಿ. ಈ ದಿನಗಳಲ್ಲಿ ಈರುಳ್ಳಿ, ಗೋಧಿ, ಹಾಲಿನ ಪ್ರಮಾಣ ಬದಲಿಸಬೇಡಿ. ಬದಲಿಸಿದರೆ ತಪ್ಪಿತಸ್ಥ ಯಾರೆಂದೇ ತಿಳಿಯದು. ಬಿಟ್ಟರೂ ವ್ಯತ್ಯಾಸವಾಗದಿದ್ದರೆ ಫ್ರಕ್ಟೋಸ್ ಕಾರಣವಾಗಿರುವ ಸಾಧ್ಯತೆ ಕಡಿಮೆ. ಹಣ್ಣು ಮತ್ತೆ ತಿನ್ನಿ. ತಿಂಗಳುಗಟ್ಟಲೆ ಪಥ್ಯ ಎಳೆಯುವುದು ಅನಗತ್ಯ. ಆಸ್ಪತ್ರೆಯಲ್ಲಾದರೆ ಸಾಮಾನ್ಯವಾಗಿ 25 ಗ್ರಾಂ ಫ್ರಕ್ಟೋಸ್ ಕುಡಿಸಿ, ಅದು ಕರುಳಿನಲ್ಲಿ ಹುದುಗುವಾಗ ಹುಟ್ಟುವ ಹೈಡ್ರೋಜನ್ ಉಸಿರಿನಲ್ಲಿ ಎಷ್ಟು ಏರಿತೆಂದು ಅಳೆಯುತ್ತಾರೆ.

ಇನ್ನು ತೂಕ. ಕ್ಯಾಲೊರಿ ಸಮನಾಗಿದ್ದರೆ ಫ್ರಕ್ಟೋಸ್ ಬೇರೆ ಸಕ್ಕರೆಗಿಂತ ಹೆಚ್ಚು ದಪ್ಪ ಮಾಡುವುದಿಲ್ಲ. ಆದರೆ ದೊಡ್ಡ ಪ್ರಮಾಣದಲ್ಲಿ ಬಂದದ್ದರಲ್ಲಿ ಬಹುಪಾಲು ಲಿವರ್‌ಗೇ ಹೋಗಿ, ಒಂದಿಷ್ಟು ಕೊಬ್ಬಾಗುತ್ತದೆ, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಏರುತ್ತದೆ. ಕುಡಿದ ಸಿಹಿ ಹಸಿವನ್ನು ಅಷ್ಟಾಗಿ ತಣಿಸದು, ಊಟ ಎಂದಿನಷ್ಟೇ ಆಗುತ್ತದೆ.

ಸಿಹಿ ಪಾನೀಯದ ಬಾಟಲಿಯನ್ನೇ ತಿರುಗಿಸಿ ನೋಡಿ. 100 ಮಿ.ಲೀ.ಗೆ ಸಕ್ಕರೆ 11 ಗ್ರಾಂ ಎಂದಿದ್ದರೆ 500 ಮಿ.ಲೀ.ಗೆ 55 ಗ್ರಾಂ, 220 ಕ್ಯಾಲೊರಿ. 2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ದಿನದ ಮಿತಿ 50 ಗ್ರಾಂ, ಸಾಧ್ಯವಾದರೆ 25. ಇದರಲ್ಲಿ ಜೇನು, ಹಣ್ಣಿನ ರಸ ಸೇರುತ್ತವೆ, ಇಡೀ ಹಣ್ಣು ಸೇರುವುದಿಲ್ಲ. ತೂಕ ಇಳಿಸಲು ಸಕ್ಕರೆ ಬಿಟ್ಟು ಜೇನಿಗೆ ಹೋದವರಿಗೆ ಕ್ಯಾಲೊರಿಯೂ ಹೆಚ್ಚು ಉಳಿಯದು, ಹೊಟ್ಟೆ ಉಬ್ಬರವೂ ಹೆಚ್ಚಬಹುದು.

ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮನೆಯ ಪರೀಕ್ಷೆ ಬೇಡ, ವೈದ್ಯರನ್ನು ಕಾಣಿ. ಮಗುವಿಗೆ ಹಣ್ಣು ಅಥವಾ ಸಕ್ಕರೆ ಶುರುಮಾಡಿದ ಮೇಲೆ ವಾಂತಿ, ಬೆವರು, ಮಂಕು ಕಾಣಿಸಿದರೆ ಅದು ಹುಟ್ಟಿನಿಂದ ಬಂದ ಫ್ರಕ್ಟೋಸ್ ಅಸಹಿಷ್ಣುತೆ ಇರಬಹುದು. ಆಗ ಇನ್ನೊಂದು ಚಮಚವನ್ನೂ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.