ಫೇಜ್ ಪ್ಯಾನಿಂಗ್: ಅಂಟಿದ್ದೆಲ್ಲ ಬೈಂಡರ್ ಅಲ್ಲ

ಬೊಮ್ಮಸಂದ್ರದ ಲ್ಯಾಬೊಂದರಲ್ಲಿ ಪ್ರತಿಕಾಯ ಔಷಧಿ ಹುಡುಕುವ ಕೆಲಸಕ್ಕೆ ಸೇರಿ ನನಗೆ ಒಂಬತ್ತು ವರ್ಷವಾಯಿತು. ಹೊಸದಾಗಿ ಬರುವ ಎಂ.ಎಸ್ಸಿ. ಹುಡುಗರು ಮೊದಲು ಕೇಳುವುದು ಪ್ರೋಟೋಕಾಲ್. ಅದು ಫೈಲಿನಲ್ಲೇ ಇದೆ. ಫೈಲಿನಲ್ಲಿ ಇಲ್ಲದ್ದನ್ನು ಇಲ್ಲಿ ಹೇಳುತ್ತೇನೆ.

ನಾವು ಬಳಸುವ ಎಂ13 ಫೇಜ್‌ನ (ಬ್ಯಾಕ್ಟೀರಿಯಾಕ್ಕೆ ತಗಲುವ ಒಂದು ವೈರಸ್) ಮೈಮೇಲೆ ಪ್ರತಿಕಾಯದ ಒಂದು ತುಣುಕು, ಒಳಗೆ ಅದರ ಜೀನ್. 1985ರಲ್ಲಿ ಜಾರ್ಜ್ ಸ್ಮಿತ್ ತೋರಿಸಿದ ದಾರಿ. ಗ್ರೆಗ್ ವಿಂಟರ್ ಅದನ್ನು ಪ್ರತಿಕಾಯಗಳಿಗೆ ಒಗ್ಗಿಸಿದರು. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕೀಲುವಾತಕ್ಕೆ ಕೊಡುವ ಅಡಾಲಿಮುಮಾಬ್ ಸಿಕ್ಕಿದ್ದು ಹೀಗೆ. ನೂರಾರು ಕೋಟಿ ಬಗೆಯ ಫೇಜ್‌ಗಳನ್ನು ಟಾರ್ಗೆಟ್, ಅಂದರೆ ಔಷಧಿ ಅಂಟಬೇಕಾದ ಪ್ರೋಟೀನಿನ ಜೊತೆ ಬೆರೆಸಿ, ಅಂಟದ್ದನ್ನು ತೊಳೆದು, ಅಂಟಿದ್ದನ್ನು ಬಿಡಿಸಿ, ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ಮತ್ತೆ ಬೆರೆಸಬೇಕು. ಹೀಗೆ ಮೂರು ಸುತ್ತು. ಇದೇ ಪ್ಯಾನಿಂಗ್; ಟಾರ್ಗೆಟ್‌ಗೆ ನಿಜವಾಗಿ ಅಂಟುವುದೇ ಬೈಂಡರ್. ಮೊರದಲ್ಲಿ ಅಕ್ಕಿ ಕೇರಿದ ಹಾಗೆಯೇ, ಆದರೆ ಇಲ್ಲಿ ಕಲ್ಲಿಗೂ ಅಕ್ಕಿಯದೇ ತೂಕ.

ಮೊದಲು ಬ್ಯಾಕ್ಟೀರಿಯಾ ಕಡೆ ಗಮನವಿಡಿ. ಫೇಜ್ ಒಳಹೋಗುವುದು ಎಫ್ ಪೈಲಸ್ ಎಂಬ ಕೂದಲೆಳೆಯ ಮೂಲಕ; ತಣ್ಣಗಾದರೆ ಬ್ಯಾಕ್ಟೀರಿಯಾ ಆ ಎಳೆಯನ್ನು ಬೆಳೆಸುವುದೇ ಇಲ್ಲ. 37 ಡಿಗ್ರಿಯಲ್ಲಿ ಬೆಳೆಸಿ, ಓಡಿ (ಕಲ್ಚರ್ ಎಷ್ಟು ಮಬ್ಬಾಗಿದೆ ಎಂಬ ಅಳತೆ) 0.5ರ ಹತ್ತಿರ ಬಂದ ಕೂಡಲೇ ಫೇಜ್ ಹಾಕಿ, ಅರ್ಧ ಗಂಟೆ ಅಲುಗಾಡಿಸದೆ ಬಿಡಿ. ಮಧ್ಯೆ ಕರೆಂಟ್ ಹೋಗಿ ಶೇಕರ್ ತಣ್ಣಗಾಗಿದ್ದರೆ ಆ ಕಲ್ಚರ್ ಚೆಲ್ಲಿ, ಹೊಸದು ಹಾಕಿ. ಎರಡು ಗಂಟೆ ಹೋದರೆ ಹೋಗಲಿ.

ಇನ್ನು ನನ್ನ ಐದು ವಾರ ತಿಂದ ಪಾಠ. ಟಾರ್ಗೆಟ್‌ಗೆ ಬಯೋಟಿನ್ ಎಂಬ ವಿಟಮಿನ್ ಕಟ್ಟಿ, ಬಯೋಟಿನ್ನನ್ನು ಗಟ್ಟಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ರೋಟೀನ್ ಲೇಪಿಸಿದ ಸಣ್ಣ ಮಣಿಗಳ (ಬೀಡ್ಸ್) ಮೇಲೆ ಹಿಡಿದು ಪ್ಯಾನಿಂಗ್ ಮಾಡಿದ್ದೆ. ಮೂರನೇ ಸುತ್ತಿನ ಕ್ಲೋನ್‌ಗಳಿಗೆ (ಒಂದೊಂದೇ ಫೇಜ್‌ನಿಂದ ಬೆಳೆಸಿದ ತಳಿಗಳಿಗೆ) ಎಲೈಸಾ, ಅಂದರೆ ಅಂಟಿದರೆ ಬಣ್ಣ ಬರುವ ಪರೀಕ್ಷೆ, ಹಾಕಿದೆ. ಬಣ್ಣ ಬರಿಸುವ ಟಿಎಂಬಿ ಸುರಿದ ಎರಡೇ ನಿಮಿಷಕ್ಕೆ ಪ್ಲೇಟ್ ತುಂಬ ಕಡುನೀಲಿ. ಆಸಿಡ್ ಬಿದ್ದೊಡನೆ ಅರಿಸಿನದ ಹಳದಿ. ಇಡೀ ತಂಡ ಸಂಭ್ರಮಿಸಿತು. ಮಾರನೇ ದಿನ ಟಾರ್ಗೆಟ್ ಇಲ್ಲದೆ, ಬರೀ ಸ್ಟ್ರೆಪ್ಟಾವಿಡಿನ್ ಮೇಲೆ ಅವೇ ಕ್ಲೋನ್‌ಗಳನ್ನು ಹಾಕಿದೆ. ಅದೂ ಅಷ್ಟೇ ಹಳದಿ. ನಾನು ಆರಿಸಿ ಬೆಳೆಸಿದ್ದು ಸ್ಟ್ರೆಪ್ಟಾವಿಡಿನ್‌ಗೆ ಅಂಟುವ ಫೇಜ್‌ಗಳನ್ನು.

ಹಾಗಾಗಿ ಪ್ರತಿ ಸುತ್ತಿಗೂ ಮುಂಚೆ ಫೇಜ್‌ಗಳನ್ನು ಖಾಲಿ ಬೀಡ್ಸ್ ಜೊತೆ ಒಂದು ಗಂಟೆ ತಿರುಗಿಸಿ, ಅದಕ್ಕೆ ಅಂಟಿದ್ದನ್ನು ಬಿಸಾಡಿ. ಒಂದು ಸುತ್ತು ಸ್ಟ್ರೆಪ್ಟಾವಿಡಿನ್, ಮುಂದಿನದಕ್ಕೆ ಅದರಂತೆಯೇ ಬಯೋಟಿನ್ ಹಿಡಿಯುವ ನ್ಯೂಟ್ರಾವಿಡಿನ್ ಬಳಸಿ. ಬ್ಲಾಕಿಂಗ್‌ಗೆ (ಖಾಲಿ ಜಾಗಕ್ಕೆ ಫೇಜ್ ಸುಮ್ಮನೆ ಅಂಟದಂತೆ ಮುಚ್ಚುವುದಕ್ಕೆ) ಹಾಲಿನ ಪುಡಿ ಬೇಡ, ಬಿಎಸ್‌ಎ ಎಂಬ ದನದ ರಕ್ತದ ಪ್ರೋಟೀನ್ ಹಾಕಿ. ಹಾಲಿನಲ್ಲಿ ಬಯೋಟಿನ್ ಇದೆ, ನಿಮ್ಮ ಟಾರ್ಗೆಟ್ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂರುತ್ತದೆ. ಎಲೈಸಾಗೆ ಒಂದೇ ನಮೂನೆಯ ಮೂರು ಪ್ಲೇಟ್ ಮಾಡಿ: ಟಾರ್ಗೆಟ್, ಬರೀ ಸ್ಟ್ರೆಪ್ಟಾವಿಡಿನ್, ಬಯೋಟಿನ್ ಕಟ್ಟಿದ, ಸಂಬಂಧವಿಲ್ಲದ ಬೇರೊಂದು ಪ್ರೋಟೀನ್. ಮೂರನ್ನೂ ಒಂದೇ ದಿನ, 450 ನ್ಯಾನೋಮೀಟರಿನಲ್ಲಿ ಓದಿ. ಮೊದಲನೆಯದು ಮಾತ್ರ ಹಳದಿಯಾದ ಕ್ಲೋನ್ ನಿಮ್ಮದು.

ಒಂದು ಪ್ರಯೋಗದ ಫೇಜ್ ಇನ್ನೊಂದಕ್ಕೆ ಸೇರದಂತೆ ಫೇಜ್‌ಗೆ ಬೇರೆ ಪಿಪೆಟ್, ಫಿಲ್ಟರ್ ಟಿಪ್ ಕಡ್ಡಾಯ. ಬೆಂಚಿಗೆ ಸ್ಪಿರಿಟ್ ಒರೆಸಿದರೆ ಸಾಲದು, ಆಗಷ್ಟೇ ಕಲಸಿದ ಬ್ಲೀಚ್ ಬೇಕು.

ಒಳ್ಳೆಯ ಕ್ಲೋನ್ ಸಿಕ್ಕಮೇಲೆ ಆ ತುಣುಕಿನಿಂದ ಐಜಿಜಿ, ಅಂದರೆ ಪೂರ್ತಿ ಪ್ರತಿಕಾಯ ಮಾಡಿ, ಎಚ್‌ಇಕೆ ಎಂಬ ಮಾನವ ಕೋಶಗಳಲ್ಲಿ ಬೆಳೆಸಿ, ಪ್ರತಿಕಾಯವನ್ನು ಹಿಡಿದಿಡುವ ಪ್ರೋಟೀನ್ ಎ ಕಾಲಮ್‌ನಲ್ಲಿ ಶುದ್ಧಮಾಡುತ್ತೇವೆ. ಅದನ್ನು ಕಾಲಮ್‌ನಿಂದ ಇಳಿಸುವ ಬಫರ್ ದ್ರಾವಣ ಹುಳಿ ಇರುವುದರಿಂದ ಟ್ಯೂಬಿಗೆ ಮೊದಲೇ ಹುಳಿ ತಗ್ಗಿಸುವ ಟ್ರಿಸ್ ಹಾಕಿಡಿ, ಇಲ್ಲವಾದರೆ ಪ್ರತಿಕಾಯಗಳು ಮುದ್ದೆಗಟ್ಟಬಹುದು. ನಮ್ಮ ದೊಡ್ಡಮ್ಮನಿಗೆ ಮೂರು ವಾರಕ್ಕೊಮ್ಮೆ ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯ ಔಷಧಿಯ ಡ್ರಿಪ್ ಹಾಕಿಸುವಾಗ ಪಕ್ಕದಲ್ಲಿ ಕೂತು ಆ ತಿಳಿ ದ್ರವ ಹನಿಯುವುದನ್ನು ನೋಡಿದ್ದೇನೆ. ಮುದ್ದೆಯಾದ ಪ್ರತಿಕಾಯ ರೋಗಿಯ ಮೈಯನ್ನೇ ಔಷಧಿಯ ವಿರುದ್ಧ ಎಬ್ಬಿಸಬಲ್ಲದು. ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ಅಳೆಯುವ ಮುನ್ನ ಅದು ಒಂಟಿಯಾಗಿದೆಯೇ ಎಂದು ನೋಡಿ.

ಪ್ರತಿ ಸುತ್ತಿನ ಬ್ಯಾಕ್ಟೀರಿಯಾವನ್ನೂ ಗ್ಲಿಸರಾಲ್ ಹಾಕಿ ಮೈನಸ್ 80ರಲ್ಲಿ ಎರಡೆರಡು ಟ್ಯೂಬ್ ಇಡಿ. ಅಂದು ನಾನು ಮೊದಲನೇ ಸುತ್ತಿನ ಟ್ಯೂಬ್ ತೆಗೆದು, ಫೇಜ್ ಬೆಳೆಸಿ, ಖಾಲಿ ಬೀಡ್ಸ್‌ನಲ್ಲಿ ತೊಳೆದು ಮತ್ತೆ ಶುರುಮಾಡಿದೆ. ನಾಲ್ಕು ನಿಜವಾದ ಬೈಂಡರ್ ಸಿಕ್ಕವು. ಲೇಬಲ್ ಮೇಲೆ ಟಾರ್ಗೆಟ್, ಸುತ್ತು, ತಾರೀಖು ಮೂರೂ ಇರಲಿ.