ಚಳಿಗಾಲದಲ್ಲಿ ಊರಿಗೆ ಹೊರಟಾಗ: ಮೆಸೇಜ್ ಮೂಲಕ ಮನೆಯ ಹೀಟಿಂಗ್, ಅಲಾರಂ ನೋಡಿಕೊಳ್ಳುವುದು

ಅಮೆರಿಕದ ಮಿನೆಸೋಟಕ್ಕೆ ಹೊಸದಾಗಿ ಬಂದ ಕುಟುಂಬಗಳು ನಮ್ಮ ಕೂಟದಲ್ಲಿ ಅಕ್ಟೋಬರ್ ಬಂತೆಂದರೆ ಕೇಳುವ ಪ್ರಶ್ನೆ ಇದು. ಡಿಸೆಂಬರ್‌ನಲ್ಲಿ ನಾಲ್ಕೈದು ವಾರ ಬೆಂಗಳೂರಿಗೋ ಶಿವಮೊಗ್ಗಕ್ಕೋ ಹೋಗಬೇಕು, ಇಲ್ಲಿ ಮನೆಯ ಹೀಟಿಂಗ್ ಆಫ್ ಮಾಡಿ ಹೋಗಬಹುದಾ?

ದಯವಿಟ್ಟು ಬೇಡ. ಮನೆ ಬಿಟ್ಟು ಹೊರಡುವಾಗ ಗ್ಯಾಸ್, ಮೇನ್ ಸ್ವಿಚ್ ಎಲ್ಲ ಆರಿಸಿ ಬೀಗ ಹಾಕುವುದು ನಮಗೆ ರೂಢಿ. ಇಲ್ಲಿ ಅದೇ ರೂಢಿ ಮನೆ ಹಾಳು ಮಾಡುತ್ತದೆ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 28 ಡಿಗ್ರಿ ಫ್ಯಾರನ್‌ಹೀಟ್ ಇತ್ತು, ಅಂದರೆ ಮೈನಸ್ 33 ಸೆಲ್ಸಿಯಸ್. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ ಪೈಪ್ ಸೀಳುತ್ತದೆ. ಎಷ್ಟೋ ಸಲ ನೀರು ಸುರಿಯಲು ಶುರುವಾಗುವುದು ಮಂಜು ಕರಗಿದ ಮೇಲೆ. ಆಗ ನೀವು ಮನೆಯಲ್ಲಿ ಇಲ್ಲದಿದ್ದರೆ ಅದು ಸುರಿಯುತ್ತಲೇ ಇರುತ್ತದೆ.

ಮನೆಯ ಉಷ್ಣತೆ ನಿಯಂತ್ರಿಸುವ ಥರ್ಮೋಸ್ಟಾಟನ್ನು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬೇಡಿ. ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಬೆಚ್ಚನೆ ಗಾಳಿ ಪೈಪ್‌ಗೆ ತಾಗಲಿ. ನೀರಿನ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪ್ ಖಾಲಿ ಮಾಡಿ. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇರುವ ಟೌನ್‌ಹೌಸ್ ಆದರೆ, ಅಥವಾ ಬಾಯ್ಲರ್‌ನಿಂದ ಬಿಸಿನೀರು ಹರಿಯುವ ಹೀಟಿಂಗ್ ಆದರೆ, ವಾಲ್ವ್ ಮುಟ್ಟುವ ಮೊದಲು ಪ್ಲಂಬರ್‌ನನ್ನು ಕೇಳಿ. ಥರ್ಮೋಸ್ಟಾಟ್‌ನಲ್ಲಿ ಬ್ಯಾಟರಿ ಇದ್ದರೆ ಹೊಸದು ಹಾಕಿ. ಆ ಬ್ಯಾಟರಿ ಸತ್ತರೆ ಮನೆಗೆ ಬಿಸಿ ಗಾಳಿ ಕೊಡುವ ಫರ್ನೇಸ್ ಎಷ್ಟು ಚೆನ್ನಾಗಿದ್ದರೂ ಉರಿಯುವುದಿಲ್ಲ.

ಮನೆ ವಿಮೆಯ ಕಾಗದವನ್ನೂ ಒಮ್ಮೆ ಓದಿ. ಖಾಲಿ ಮನೆಯಲ್ಲಿ ಪೈಪ್ ಹೆಪ್ಪುಗಟ್ಟಿ ಒಡೆದರೆ ಪರಿಹಾರ ಸಿಗಲು ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಮನೆಯನ್ನು ಬೆಚ್ಚಗಿಡಲು ತಕ್ಕ ಎಚ್ಚರ ವಹಿಸಿರಬೇಕು, ಇಲ್ಲವೇ ನೀರು ನಿಲ್ಲಿಸಿ ಪೈಪ್ ಖಾಲಿ ಮಾಡಿರಬೇಕು.

ಈಗ ಮೆಸೇಜ್ (ಎಸ್‌ಎಂಎಸ್) ವಿಷಯ. ಊರಲ್ಲಿ ತೋಟದ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿದ್ದನ್ನು ನೋಡಿರುತ್ತೀರಿ ಅಲ್ವಾ? ಮನೆಯಲ್ಲೇ ಕೂತು ಮೊಬೈಲ್‌ನಿಂದ ಮೋಟರ್ ಶುರು ಮಾಡುತ್ತಾರೆ, ಕರೆಂಟ್ ಬಂತೋ ಇಲ್ಲವೋ ಅಂತ ಅದೇ ತಿಳಿಸುತ್ತದೆ. ಇಲ್ಲಿ ಹೀಟಿಂಗ್‌ಗೆ ಬಳಸುವುದೂ ಅಂಥದೇ ಪೆಟ್ಟಿಗೆ. ಒಳಗೆ ಒಂದು ಸಿಮ್, ಉಷ್ಣತೆ ಅಳೆಯುವ ಸೆನ್ಸರ್, ಒಂದು ರಿಲೇ (ಆದೇಶ ಬಂದಾಗ ತಾನೇ ಆನ್, ಆಫ್ ಆಗುವ ಸ್ವಿಚ್), ಒಂದು ಬ್ಯಾಟರಿ. ನೀವು ಮೆಸೇಜ್ ಕಳಿಸಿದರೆ ಮನೆ ಎಷ್ಟು ಡಿಗ್ರಿ ಇದೆ ಅಂತ ಉತ್ತರ ಬರುತ್ತದೆ. ಹೀಟ್ ಆನ್, ಹೀಟ್ ಆಫ್ ಅಂತ ಆದೇಶ ಕಳಿಸಬಹುದು. ನೀವು ಇಟ್ಟ ಮಿತಿಗಿಂತ ಮನೆ ತಣ್ಣಗಾದರೆ, ಕರೆಂಟ್ ಹೋದರೆ, ಅದೇ ನಿಮಗೆ ಮೆಸೇಜ್ ಮಾಡುತ್ತದೆ.

ವೈಫೈ ಥರ್ಮೋಸ್ಟಾಟ್, ಆ್ಯಪ್ ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳುವವರು ಜಾಸ್ತಿ. ಆ್ಯಪ್ ಚೆನ್ನಾಗಿಯೇ ಇರುತ್ತದೆ, ಮನೆಯಲ್ಲಿ ಕರೆಂಟ್ ಮತ್ತು ಇಂಟರ್‌ನೆಟ್ ಇರುವವರೆಗೆ. ಕರೆಂಟ್ ಹೋದ ಕ್ಷಣವೇ ರೂಟರ್ ಸಾಯುತ್ತದೆ, ಆ್ಯಪ್ ಆಫ್‌ಲೈನ್ ಅನ್ನುತ್ತದೆ. ಇಂಟರ್‌ನೆಟ್ ಮಾತ್ರ ಹೋಗಿದೆಯೋ, ಫರ್ನೇಸ್ ಕೂಡ ನಿಂತಿದೆಯೋ ನಿಮಗೆ ಗೊತ್ತಾಗುವುದಿಲ್ಲ. ಸ್ವಂತ ಸಿಮ್, ಸ್ವಂತ ಬ್ಯಾಟರಿ ಇರುವ ಪೆಟ್ಟಿಗೆ ಮಾತಾಡುವುದು ಆಗಲೇ. ಇನ್ನೊಂದು ಅನುಕೂಲವೂ ಇದೆ. ತೀರ್ಥಹಳ್ಳಿ ಕಡೆಯ ಅಜ್ಜಿ ಮನೆಯಲ್ಲಿ ಡೇಟಾ ಸಿಗದಿದ್ದರೂ ಮೆಸೇಜ್ ಬರುತ್ತದೆ.

ಆದರೆ ಒಂದು ಮಾತು ಚೆನ್ನಾಗಿ ನೆನಪಿರಲಿ. ಗ್ಯಾಸ್ ಫರ್ನೇಸ್‌ಗೂ ಕರೆಂಟ್ ಬೇಕು. ಬ್ಲೋವರ್, ಕಿಡಿ ಹೊತ್ತಿಸುವುದು, ನಿಯಂತ್ರಣದ ಬೋರ್ಡ್ ಎಲ್ಲ ಕರೆಂಟ್‌ನಲ್ಲೇ ನಡೆಯುತ್ತವೆ. ಕರೆಂಟ್ ಇಲ್ಲದಾಗ ನೀವು ಬೆಂಗಳೂರಿನಿಂದ ಎಷ್ಟು ಸಲ ಹೀಟ್ ಆನ್ ಅಂತ ಕಳಿಸಿದರೂ ಪ್ರಯೋಜನ ಇಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ಅಲ್ಲಿ ಪೈಪ್ ಒಡೆದ ಮನೆಗಳಿಗೆ ಲೆಕ್ಕವಿಲ್ಲ. ಅದಕ್ಕೇ ನಾವು ಹೇಳುವುದು: ಮೆಸೇಜ್‌ನ ನಿಜವಾದ ಉಪಯೋಗ ಹೀಟಿಂಗ್ ಓಡಿಸುವುದಲ್ಲ, ನಿಮಗೆ ಸುದ್ದಿ ಮುಟ್ಟಿಸುವುದು. ಸುದ್ದಿ ಬಂದ ಮೇಲೆ ಕೆಲಸ ಮಾಡಲು ಇಲ್ಲಿ ಕೀಲಿ ಕೈ ಇರುವ ಒಬ್ಬ ಮನುಷ್ಯ ಬೇಕೇ ಬೇಕು. ಅಂಥವರು ಯಾರೂ ಸಿಗದಿದ್ದರೆ ಕೂಟದಲ್ಲಿ ಕೇಳಿ, ಸಂಕೋಚ ಬೇಡ. ನಿಮ್ಮ ಬಡಾವಣೆಯ ಹತ್ತಿರ ಇರುವವರನ್ನು ನಾವು ಪರಿಚಯ ಮಾಡಿಸುತ್ತೇವೆ.

ಪೆಟ್ಟಿಗೆ ಕೊಳ್ಳುವಾಗ ನೆಟ್‌ವರ್ಕ್ ನೋಡಿ. ಊರಿನಿಂದ ತಂದ ಅಥವಾ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕ 2ಜಿ ಪೆಟ್ಟಿಗೆ ಇಲ್ಲಿ ಸುಮ್ನೆ ದುಡ್ಡು ದಂಡ. ಇಲ್ಲಿನ ಮೊಬೈಲ್ ಕಂಪನಿ ಎಟಿ ಅಂಡ್ ಟಿ 2017ರ ಜನವರಿಯಲ್ಲೇ 2ಜಿ ಮುಚ್ಚಿತು, 2022ರ ಫೆಬ್ರವರಿಯಲ್ಲಿ 3ಜಿಯನ್ನೂ ಮುಚ್ಚಿತು. ಟಿ-ಮೊಬೈಲ್, ವೆರೈಜನ್ ಕೂಡ ಅದೇ ವರ್ಷ 3ಜಿ ನಿಲ್ಲಿಸಿದವು. 4ಜಿ ಎಲ್‌ಟಿಇ ಇರುವ, ನೀವು ಹಾಕುವ ಸಿಮ್‌ನ ಕಂಪನಿ ಒಪ್ಪುವ ಮಾದರಿಯೇ ಬೇಕು. ಮನೆ ಕೊಂಡಾಗ ಹಳೆಯ ಮಾಲೀಕರು ಬಿಟ್ಟುಹೋದ ಅಲಾರಂ ಪ್ಯಾನೆಲ್ ಇದ್ದರೆ ಅದನ್ನೂ ಹೀಗೇ ಪರೀಕ್ಷಿಸಿ. ದೀಪ ಉರಿಯುತ್ತಿದ್ದರೂ ಒಳಗಿರುವುದು 3ಜಿ ಆದರೆ ಅದು ಹೊರಗೆ ಯಾರಿಗೂ ಸುದ್ದಿ ಕೊಡುವುದಿಲ್ಲ. ಪ್ರೀಪೇಯ್ಡ್ ಸಿಮ್ ಆದರೆ ಅವಧಿ ನೀವು ವಾಪಸ್ ಬರುವ ದಿನ ದಾಟಿ ಇರಲಿ. ಪೆಟ್ಟಿಗೆಯ ಪಾಸ್‌ವರ್ಡ್ ಬದಲಿಸಿ, ನಿಮ್ಮ ಮನೆಯವರ ನಂಬರ್‌ಗಳಿಗೆ ಮಾತ್ರ ಅನುಮತಿ ಕೊಡಿ.

ತಂತಿ ಜೋಡಣೆಯನ್ನು ಲೈಸನ್ಸ್ ಇರುವವರಿಂದಲೇ ಮಾಡಿಸಿ. ಸಾಮಾನ್ಯ ಗ್ಯಾಸ್ ಫರ್ನೇಸ್‌ನ ಥರ್ಮೋಸ್ಟಾಟ್ ತಂತಿಯಲ್ಲಿ 24 ವೋಲ್ಟ್ ಇರುತ್ತದೆ. ಗೋಡೆಯ ಬುಡದಲ್ಲಿ ಉದ್ದಕ್ಕೆ ಕೂತಿರುವ ಎಲೆಕ್ಟ್ರಿಕ್ ಬೇಸ್‌ಬೋರ್ಡ್ ಹೀಟರ್ ಆದರೆ ಸಾಮಾನ್ಯವಾಗಿ 240 ವೋಲ್ಟ್. ಎರಡನ್ನೂ ಅದಲು ಬದಲು ಮಾಡಿದರೆ ಬೆಂಕಿಯ ಅಪಾಯ. ಜೊತೆಗೆ ಒಂದು ಸಾದಾ ಥರ್ಮೋಸ್ಟಾಟನ್ನು ಸಮಾನಾಂತರವಾಗಿ ಹಾಕಿಸಿ 50 ಡಿಗ್ರಿಗೆ ಇಡಿಸಿ. ತಪ್ಪು ಮೆಸೇಜ್ ಹೋಗಿ ರಿಲೇ ಆಫ್ ಆದರೂ ಅದು ಮನೆ ಕಾಯುತ್ತದೆ. ಬಾಡಿಗೆ ಮನೆಯಾದರೆ ಗೋಡೆ ಮುಟ್ಟಬೇಡಿ. ಪ್ಲಗ್‌ಗೆ ಸಿಕ್ಕಿಸಿ, ಉಷ್ಣತೆ ಮತ್ತು ಕರೆಂಟ್ ಬಗ್ಗೆ ಮಾತ್ರ ಮೆಸೇಜ್ ಕಳಿಸುವ ಚಿಕ್ಕ ಸಾಧನ ಸಾಕು. ವಿದ್ಯುತ್ ಕಂಪನಿಯ ಮೆಸೇಜ್ ಸೇವೆಗೂ ಹೆಸರು ಕೊಡಿ. ಎಕ್ಸೆಲ್ ಎನರ್ಜಿ ಗ್ರಾಹಕರಾದರೆ ಕರೆಂಟ್ ಹೋದ ಸುದ್ದಿ ಅವರಿಂದಲೂ ಬರುತ್ತದೆ.

ಭಾರತದಲ್ಲಿ ಇರುವಾಗ ನಿಮ್ಮ ಅಮೆರಿಕದ ನಂಬರ್ ಜೀವಂತ ಇರಬೇಕು. ಕೆಲವು ಸಾಧನಗಳು ಇಲ್ಲಿನ ನಂಬರ್‌ಗೆ ಮಾತ್ರ ಮೆಸೇಜ್ ಕಳಿಸುತ್ತವೆ. ಎರಡು ಸಿಮ್ ಹಾಕುವ ಫೋನ್ ಇಟ್ಟುಕೊಳ್ಳಿ, ರೋಮಿಂಗ್ ದರವನ್ನು ಹೊರಡುವ ಮೊದಲೇ ಕೇಳಿ, ವೈಫೈ ಕಾಲಿಂಗ್ ಆನ್ ಮಾಡಿ. ಚಳಿಗಾಲದಲ್ಲಿ ನಾವು ಭಾರತಕ್ಕಿಂತ ಹನ್ನೊಂದೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನ 2 ಗಂಟೆ ಅಂದರೆ ಬೆಂಗಳೂರಿನಲ್ಲಿ ರಾತ್ರಿ ಒಂದೂವರೆ. ಫೋನ್ ಸೈಲೆಂಟ್‌ನಲ್ಲಿದ್ದರೂ ಆ ಒಂದು ನಂಬರಿಗೆ ಸದ್ದಾಗುವಂತೆ ಮಾಡಿಕೊಳ್ಳಿ. ಅದೇ ಮೆಸೇಜ್ ಕೀಲಿ ಕೈ ಇರುವವರಿಗೂ ಹೋಗಲಿ.

ಕಳ್ಳತನದ, ಹೊಗೆಯ, ಕಾರ್ಬನ್ ಮಾನಾಕ್ಸೈಡ್ ಅಲಾರಂಗಳಿಗೂ ಇದೇ ಮಾತು. ಸಾದಾ ಅಲಾರಂ ಖಾಲಿ ಮನೆಯಲ್ಲಿ ಕೂಗಿದರೆ ಕೇಳುವವರಿಲ್ಲ. ಮಾನಿಟರಿಂಗ್ (ಅಲಾರಂ ಕೂಗಿದಾಗ ಕಂಪನಿಯವರು ಕರೆ ಮಾಡುವ ಸೇವೆ) ಇದ್ದರೆ ಕರೆ ಮಾಡುವ ಪಟ್ಟಿಯಲ್ಲಿ ಇಲ್ಲಿನ ಗೆಳೆಯರ ಹೆಸರನ್ನೇ ಮೊದಲು ಹಾಕಿಸಿ, ನೀವು ವಿಮಾನದಲ್ಲಿರಬಹುದು. ಭಾರತದಿಂದ ಇಲ್ಲಿನ ತುರ್ತು ನಂಬರ್ 911 ಒತ್ತಿದರೆ ಇಲ್ಲಿನ ಪೊಲೀಸರು ಸಿಗುವುದಿಲ್ಲ. ನಿಮ್ಮ ಊರಿನ ಪೊಲೀಸ್, ಅಗ್ನಿಶಾಮಕ ದಳದ ಹತ್ತು ಅಂಕಿಯ ನಂಬರನ್ನು ಮುಂಚೆಯೇ ಬರೆದಿಟ್ಟುಕೊಳ್ಳಿ. ಕೆಲವು ಊರುಗಳಲ್ಲಿ ಅಲಾರಂ ನೋಂದಣಿ ಕಡ್ಡಾಯ, ಪದೇ ಪದೇ ಸುಳ್ಳು ಅಲಾರಂ ಆದರೆ ದಂಡವೂ ಇದೆ.

ಕೀಲಿ ಕೈ ಕೊಡುವಾಗ ನೀರಿನ ವಾಲ್ವ್, ಫರ್ನೇಸ್ ಸ್ವಿಚ್, ಬ್ರೇಕರ್ ಪೆಟ್ಟಿಗೆ ಎಲ್ಲಿವೆ ಅಂತ ಕರೆದುಕೊಂಡು ಹೋಗಿ ತೋರಿಸಿ. ಹೊರಗೋಡೆಯಲ್ಲಿ ಪ್ಲಾಸ್ಟಿಕ್ ಕೊಳವೆ ಇಟ್ಟಿರುವ ಫರ್ನೇಸ್ ಆದರೆ, ಜೋರು ಹಿಮ ಬಿದ್ದ ದಿನ ಆ ಕೊಳವೆಯ ಬಾಯಿ ಮುಚ್ಚಿದೆಯಾ ನೋಡಲು ಹೇಳಿ. ಅದು ಮುಚ್ಚಿದರೆ ಫರ್ನೇಸ್ ತಾನೇ ನಿಲ್ಲುತ್ತದೆ.

ಇದನ್ನೆಲ್ಲ ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಎರಡು ವಾರ ಮೊದಲೇ ಪರೀಕ್ಷೆ ಮಾಡಿ. ಪೆಟ್ಟಿಗೆಯ ಪ್ಲಗ್ ಕೀಳಿ, ಕರೆಂಟ್ ಹೋದ ಮೆಸೇಜ್ ಬರುತ್ತದಾ ನೋಡಿ. ಕೆಳಮಿತಿಯನ್ನು 45 ಡಿಗ್ರಿಗೆ ಇಟ್ಟು ಸೆನ್ಸರನ್ನು ಫ್ರಿಜ್ ಒಳಗೆ ಇಡಿ. ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಫೋನ್‌ಗೂ ಗೆಳೆಯರ ಫೋನ್‌ಗೂ ಮೆಸೇಜ್ ಬರಬೇಕು. ಬರದಿದ್ದರೆ ಪೆಟ್ಟಿಗೆ ವಾಪಸ್ ಮಾಡಿ ಬೇರೆ ತರಲು ಇನ್ನೂ ಸಮಯ ಇರುತ್ತದೆ.