ಮಾದರಿ ರೈಲಿನ ದೀಪ, ಪಾಯಿಂಟ್‌ಗಳಿಗೆ ಹಳೇ ಅಡಾಪ್ಟರ್

ರೈಲು ಓಡಿಸುವ ಕಂಟ್ರೋಲರ್‌ಗೇ ನಿಲ್ದಾಣದ ದೀಪ, ಸಿಗ್ನಲ್, ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಬದಲಿಸುವ ಮೋಟಾರ್ ಎಲ್ಲವನ್ನೂ ತಗುಲಿಸುವುದು ನನಗೆ ಒಪ್ಪಿಗೆಯಾಗದ ವಿಷಯ. ಪಾಯಿಂಟ್ ಬದಲಿಸಿದಾಗಲೆಲ್ಲ ದೀಪ ಮಂಕಾಗುತ್ತೆ, ಎಂಜಿನ್ ತಡವರಿಸುತ್ತೆ. ಹಳಿಗೆ ಒಂದು ಸಪ್ಲೈ, ಉಳಿದದ್ದಕ್ಕೆ ಬೇರೆ ಸಪ್ಲೈ ಇದ್ದರೆ ಆ ಕಾಟವಿಲ್ಲ. ಆ ಬೇರೆ ಸಪ್ಲೈಗಾಗಿ ನಾನು ಹೊಸದೇನೂ ಕೊಳ್ಳಲಿಲ್ಲ. ಮೋಡೆಮ್, ಪ್ರಿಂಟರ್, ಲ್ಯಾಪ್‌ಟಾಪ್ ಕೆಟ್ಟು ಹೋದ ಮೇಲೂ ಅಡಾಪ್ಟರ್‌ಗಳು ಮನೆಯಲ್ಲೇ ಉಳಿದಿರುತ್ತವಲ್ಲ, ಅವನ್ನೇ ಹೊರಗೆ ತೆಗೆದೆ.

ಮೊದಲು ನೋಡಿದ್ದು ಚೀಟಿಯಲ್ಲಿ ಔಟ್‌ಪುಟ್ ಎಂದಿರುವ ಸಾಲು: ಎಷ್ಟು ವೋಲ್ಟ್, ಎಷ್ಟು ಆಂಪ್, ಎಸಿಯೋ ಡಿಸಿಯೋ, ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ. ಆಮೇಲೆ ಕೈಯಲ್ಲಿ ಹಿಡಿದು ತೂಕ ನೋಡಿದೆ. ಗಾತ್ರಕ್ಕೆ ಮೀರಿದ ಭಾರವಿದ್ದರೆ ಒಳಗಿರುವುದು ಹಳೇ ಕಾಲದ ಟ್ರಾನ್ಸ್‌ಫಾರ್ಮರ್. ಇಂಥವುಗಳಲ್ಲಿ ಹೆಚ್ಚಿನವು 12 ವೋಲ್ಟ್ ಎಂದು ಬರೆದುಕೊಂಡಿದ್ದರೂ ಲೋಡ್ ಇಲ್ಲದಾಗ 16–17 ವೋಲ್ಟ್ ಕೊಡುತ್ತವೆ. ಅದಕ್ಕೆ ಒಂದೇ ಒಂದು 12 ವೋಲ್ಟ್ ಸಣ್ಣ ಬಲ್ಬ್ ಹಾಕಿದರೆ ಅದರ ಆಯುಸ್ಸು ಮುಗಿದಂತೆಯೇ. ಹಗುರವಾದವು ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಡದ ಸ್ವಿಚಿಂಗ್ ಸಪ್ಲೈ) ಮಾದರಿಯವು, ವೋಲ್ಟೇಜ್ ಬಹುಮಟ್ಟಿಗೆ ಬರೆದಷ್ಟೇ ಇರುತ್ತದೆ. ಹಾಗಿದ್ದರೂ ಮಲ್ಟಿಮೀಟರ್ ಇಟ್ಟು ನೋಡದೆ ಯಾವುದನ್ನೂ ಹಳಿ, ಊರು ಎಲ್ಲ ಇರುವ ನನ್ನ ಲೇಔಟ್‌ಗೆ ಜೋಡಿಸಲಿಲ್ಲ.

ಎಷ್ಟು ಆಂಪ್ ಬೇಕು ಅನ್ನುವ ಲೆಕ್ಕದಲ್ಲಿ ಎಲ್ಇಡಿಗಳು ಕೈಹಿಡಿದವು. 12 ವೋಲ್ಟ್‌ನಲ್ಲಿ ಬಿಳಿ ಎಲ್ಇಡಿ ಸುಮಾರು 3 ವೋಲ್ಟ್ ತಿನ್ನುತ್ತದೆ, ಉಳಿದ 9 ರೆಸಿಸ್ಟರ್ ಮೇಲೆ. 1 ಕಿಲೋಓಮ್ ಹಾಕಿದರೆ 9 ಮಿಲಿಆಂಪ್ ಹರಿಯುತ್ತದೆ, ಮಾದರಿ ಮನೆಯೊಳಗೆ ವೆಲ್ಡಿಂಗ್ ನಡೆದಂತೆ ಕಾಣುತ್ತದೆ. 4.7 ಕಿಲೋಓಮ್ ಹಾಕಿ 2 ಮಿಲಿಆಂಪ್‌ಗೆ ಇಳಿಸಿದ ಮೇಲೆ ಬೆಳಕು ಹಿತವಾಯಿತು. ಹಾಗೆ ನೂರು ದೀಪ ಉರಿಸಿದರೂ 0.2 ಆಂಪ್. ತಲಾ 50 ಮಿಲಿಆಂಪ್ ಎಳೆಯುವ ಫಿಲಮೆಂಟ್ ಬಲ್ಬ್‌ಗಳಾದರೆ ಇಪ್ಪತ್ತಕ್ಕೇ 1 ಆಂಪ್ ಖರ್ಚು. ಹಳೇ ಬಲ್ಬ್‌ಗಳನ್ನು ಬಿಡಲು ಮನಸ್ಸಿಲ್ಲದವರು 12ರ ಬದಲು 9 ವೋಲ್ಟ್ ಕೊಡಲಿ. ಬೆಳಕು ತುಸು ಕೆಂಪಗಾಗುತ್ತದೆ, ಬಲ್ಬ್ ಬಹುಕಾಲ ಬಾಳುತ್ತದೆ.

ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್‌ಗೆ ಎಲ್‌ಎಂ2596 ಬಕ್ ಕನ್ವರ್ಟರ್ ಬೋರ್ಡ್ ಸೇರಿಸಿ 12ಕ್ಕೆ ಇಳಿಸಿಕೊಂಡೆ. ಬೋರ್ಡಿನ ಸ್ಕ್ರೂ ತಿರುಗಿಸಿ ವೋಲ್ಟೇಜ್ ಹೊಂದಿಸುವುದು ಲೋಡ್ ಜೋಡಿಸುವ ಮೊದಲೇ ಆಗಬೇಕು. ಚಿಪ್ 3 ಆಂಪ್‌ನದ್ದು ಅಂತಾರೆ. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಇಲ್ಲದೆ ನಾನು ಆ 3 ಆಂಪ್‌ನ ಹತ್ತಿರಕ್ಕೂ ಹೋಗುವುದಿಲ್ಲ.

ಪಾಯಿಂಟ್ ಮೋಟಾರ್‌ಗಳಲ್ಲಿ ಎರಡು ಜಾತಿ. ನಿಧಾನವಾಗಿ ತಿರುಗುವ ಸ್ಟಾಲ್ ಮೋಟಾರ್‌ಗೆ ಹತ್ತಿಪ್ಪತ್ತು ಮಿಲಿಆಂಪ್ ಸಾಕು, ಸರಿಯಾದ ವೋಲ್ಟೇಜಿನ ಯಾವ ಡಿಸಿ ಅಡಾಪ್ಟರ್ ಆದರೂ ನಡೆಯುತ್ತದೆ. ತಂತಿ ಸುರುಳಿಯ (ಕಾಯಿಲ್) ಸೆಳೆತದಿಂದ ಟಕ್ ಎಂದು ಬಡಿಯುವ ಸೊಲೆನಾಯ್ಡ್ ಮಾತ್ರ ಒಂದೇ ಕ್ಷಣಕ್ಕೆ ಹಲವು ಆಂಪ್ ಕೇಳುತ್ತದೆ. ಇದಕ್ಕಾಗಿ ದೊಡ್ಡ ಸಪ್ಲೈ ಹುಡುಕುವುದು ವ್ಯರ್ಥ. ಕೆಪಾಸಿಟರ್ ಡಿಸ್ಚಾರ್ಜ್ ಯುನಿಟ್ ಸೇರಿಸಿದೆ: ಸಣ್ಣ ಸಪ್ಲೈ ಅದರ ಕೆಪಾಸಿಟರನ್ನು ತುಂಬಿಸಿಡುತ್ತದೆ, ಗುಂಡಿ ಒತ್ತಿದಾಗ ಅದು ಒಮ್ಮೆಲೇ ಖಾಲಿಯಾಗುತ್ತದೆ. ಗುಂಡಿ ಸಿಕ್ಕಿಹಾಕಿಕೊಂಡರೂ ಕಾಯಿಲ್ ಸುಡುವುದಿಲ್ಲ.

ಹಳೇ ಕಂಪ್ಯೂಟರಿನ ಎಟಿಎಕ್ಸ್ ಸಪ್ಲೈಯನ್ನು ಹಲವರು ಮೆಚ್ಚುತ್ತಾರೆ. ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದರೆ ಚಾಲೂ. ಹಳದಿಯಲ್ಲಿ 12, ಕೆಂಪಿನಲ್ಲಿ 5 ವೋಲ್ಟ್. ನನಗೆ ಅದರ ಬಲವೇ ಭಯ. ಹಳದಿಯಲ್ಲಿ ಹತ್ತು ಆಂಪ್‌ಗೂ ಮಿಗಿಲಾಗಿ ಬರಬಲ್ಲದು. ಕೂದಲೆಳೆಯ ತಂತಿ ಶಾರ್ಟ್ ಆದರೆ ಸಪ್ಲೈ ಆಫ್ ಆಗುವ ಮೊದಲೇ ತಂತಿ ಕೆಂಪಗಾದೀತು. ಅದನ್ನು ಬಳಸುವಲ್ಲಿ ಪ್ರತಿ ಕವಲಿಗೂ 1 ಆಂಪ್ ಫ್ಯೂಸ್ ಹಾಕಿದ್ದೇನೆ. ಡಬ್ಬಿಯನ್ನಂತೂ ಬಿಚ್ಚುವುದೇ ಇಲ್ಲ, ಒಳಗಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯುತ್ತವೆ.

ಎರಡು ಅಡಾಪ್ಟರ್‌ಗಳನ್ನು ಪ್ಯಾರಲಲ್ ಸೇರಿಸಿ ಆಂಪ್ ಹೆಚ್ಚಿಸಲು ಹೋಗಲಿಲ್ಲ. ಲೇಔಟನ್ನೇ ಭಾಗ ಮಾಡಿ, ಊರಿನ ದೀಪಗಳು ಒಂದಕ್ಕೆ, ಯಾರ್ಡಿನವು ಇನ್ನೊಂದಕ್ಕೆ ಎಂದು ಹಂಚಿ, ಯಾವ ತಂತಿ ಎಲ್ಲಿಂದ ಬಂತು ಅನ್ನುವುದನ್ನು ಮೇಜಿನ ಅಡಿಯಲ್ಲೇ ಮಾರ್ಕರ್‌ನಿಂದ ಬರೆದಿಟ್ಟಿದ್ದೇನೆ.